ದಾರಿ ಕಾದವನ ಕೊನೆಯ ಅಧ್ಯಾಯ

ಆ ವರ್ಷ ಕ್ರಿಸ್‌ಮಸ್‌ಗೆ ನಮ್ಮೂರಿನ ಅರ್ಧ ಮನೆಗಳಿಗೆ ಒಂದೇ ಕಾದಂಬರಿ ಉಡುಗೊರೆಯಾಗಿ ಬಂತು. ಕ್ರಿಸ್‌ಮಸ್ ಹಿಂದಿನ ಸಂಜೆ ಪುಸ್ತಕ ಕೊಡದವರು ಐಸ್‌ಲ್ಯಾಂಡಿನಲ್ಲಿ ಯಾರೂ ಇಲ್ಲ. ಕೊಟ್ಟದ್ದನ್ನು ಓದುವವರು ಮಾತ್ರ ಕಡಿಮೆ. ಮೀನು ಹಿಡಿಯುವ ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾದ ಗುನ್‌ಸ್ಟೇನ್‌ಗೆ ಮೂರು ಪ್ರತಿ ಬಂದವು: ಮಗಳಿಂದ ಒಂದು, ತಂಗಿಯಿಂದ ಒಂದು, ಹಳೆಯ ಹಡಗಿನ ಗೆಳೆಯರಿಂದ ಇನ್ನೊಂದು. ಪೇಟೆಗೆ ಹೋಗಿ ಬೇರೆ ಪುಸ್ತಕಕ್ಕೆ ಬದಲಾಯಿಸಿಕೊಳ್ಳೋಣವೆಂದರೆ ಹಿಮ ಬಿದ್ದು ಘಟ್ಟದ ದಾರಿ ಮುಚ್ಚಿತ್ತು. ಎಲ್ಲರ ಹತ್ತಿರವೂ ಇದೆಯಲ್ಲ ಎಂದು ಗುರುವಾರದ ಓದುಕೂಟಕ್ಕೆ ನಾನು ಅದನ್ನೇ ಗೊತ್ತುಮಾಡಿದೆ. ಪೂರ್ತಿ ಓದಿದ್ದವರು ಯಾರೂ ಇರಲಿಲ್ಲ, ನಾನೂ ಸೇರಿದಂತೆ. ರಕ್ಷಾಪುಟದಲ್ಲಿ ಹಿಮ, ಒಂದು ಕುದುರೆ, ಉದ್ದ ಲಂಗದ ಹೆಂಗಸು. ಪ್ರೇಮಕಥೆ ಅಂದುಕೊಂಡೆ.

ನನ್ನ ಹೆಸರು ಏದಿಸ್. ಊರಿನ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಗ್ರಂಥಾಲಯ ಅಂದರೆ ಅಗ್ನಿಶಾಮಕ ಠಾಣೆಯ ಮೇಲಿನ ಎರಡು ಕೋಣೆ ಮತ್ತು ಒಂದು ಕಾಫಿ ಯಂತ್ರ. ಗುರುವಾರ ಮಧ್ಯಾಹ್ನ ಅಲ್ಲಿ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಉಣ್ಣೆ ಹೆಣೆಯುತ್ತಾರೆ. ಅಜ್ಜಿಯರ ಅಜ್ಜಿಯರು ಹುಲ್ಲುಮಾಡಿನ ಮನೆಗಳಲ್ಲಿ ಚಳಿಗಾಲ ಕಳೆದದ್ದೇ ಹೀಗೆ. ನಿಯಮಗಳು ಸರಳ. ಕುರ್ಚಿಯಿಂದ ಕುರ್ಚಿಗೆ ಸರದಿ, ಒಬ್ಬರಿಗೆ ಒಂದು ಅಧ್ಯಾಯ. ಓದುವಾಗ ಯಾರೂ ಬಾಯಿ ಹಾಕಬಾರದು. ಬೇಡದ ಪುಟ ಹಾರಿಸುವಂತಿಲ್ಲ. ಹಿಡಿದ ಪುಸ್ತಕ ಅರ್ಧಕ್ಕೆ ಬಿಡುವಂತಿಲ್ಲ.

ಕಾದಂಬರಿಯ ಕಾಲ ಸಾವಿರದ ಒಂಬೈನೂರ ಹದಿನೆಂಟು. ರೇಕ್ಯಾವಿಕ್‌ನಲ್ಲಿ ಸ್ಪ್ಯಾನಿಷ್ ಜ್ವರ ಮನೆಮನೆಗೂ ಹೊಕ್ಕಾಗ ಉತ್ತರದವರಾದ ನಾವು ಬೆಟ್ಟದ ದಾರಿಗೆ ಕಾವಲು ಹಾಕಿ, ದಕ್ಷಿಣದಿಂದ ಬಂದವರನ್ನು ಅಲ್ಲಿಂದಲೇ ಹಿಂದಕ್ಕೆ ಕಳಿಸಿದೆವು. ಜ್ವರ ಈಚೆ ಬರಲಿಲ್ಲ. ಇದನ್ನು ನಮ್ಮ ಕಡೆ ಶಾಲೆಯಲ್ಲೇ ಹೆಮ್ಮೆಯಿಂದ ಹೇಳಿಕೊಡುತ್ತಾರೆ. ವಾಪಸ್ ಹೋದವರ ಗತಿ ಏನಾಯಿತೆಂದು ನಾನಂತೂ ಶಾಲೆಯಲ್ಲಿ ಕೇಳಿರಲಿಲ್ಲ.

ಕೂಟದಲ್ಲಿ ಎದುರುಬದುರು ಕೂರುತ್ತಿದ್ದ ಇಬ್ಬರು ಹೆಂಗಸರು ನಾಲ್ಕು ವರ್ಷದಿಂದ ಒಬ್ಬರೊಂದಿಗೊಬ್ಬರು ಮಾತಾಡಿರಲಿಲ್ಲ. ಒಬ್ಬಳು ಫ್ರೀದಾ. ಅವಳ ಗಂಡ ಥೋರ್ಗಿಲ್ಸ್ ಹಡಗಿನ ಎಂಜಿನ್ ಮೆಕ್ಯಾನಿಕ್ ಆಗಿದ್ದ, ಕೊನೆಗೆ ಊರಿನ ವೃದ್ಧರ ಮನೆಯಲ್ಲಿದ್ದ. ಇನ್ನೊಬ್ಬಳು ಸ್ಟೇನ್ವೊರ್. ಆ ವೃದ್ಧರ ಮನೆಯ ಮೇಲ್ವಿಚಾರಕಿಯಾಗಿದ್ದವಳು. ಕೊರೊನಾ ಬಂದ ವಸಂತದಲ್ಲಿ ಬಾಗಿಲು ಹಾಕಿಸಿದ್ದು ಅವಳು. ಒಳಗಿನವರನ್ನು ಮನೆಯವರು ಕಿಟಕಿ ಗಾಜಿನಾಚೆ ನಿಂತು ನೋಡಬೇಕಿತ್ತು. ಕೊನೆಯ ಗಳಿಗೆಯಲ್ಲಿ ಮಾತ್ರ ಮನೆಯವರೊಬ್ಬರನ್ನು ಒಳಗೆ ಬಿಡಬಹುದಿತ್ತು. ಏಪ್ರಿಲ್‌ನ ಒಂದು ಮಧ್ಯಾಹ್ನ ಫ್ರೀದಾ ಬಾಗಿಲಿಗೆ ಬಂದು, ಅವನ ಮುಖ ನೋಡಿದರೆ ಸರಿ ಇಲ್ಲ, ಒಳಗೆ ಬಿಡು ಅಂದಳು. "ಇನ್ನೂ ಆ ಹಂತ ಬಂದಿಲ್ಲ. ನಾಳೆ ನೋಡೋಣ," ಅಂದಳು ಸ್ಟೇನ್ವೊರ್. ಮರುದಿನ ಬೆಳಗಾಗುವಷ್ಟರಲ್ಲಿ ಥೋರ್ಗಿಲ್ಸ್ ಸತ್ತಿದ್ದ. ಕೊರೊನಾದಿಂದಲ್ಲ, ಹೃದಯ ನಿಂತು.

ಫ್ರೀದಾ ಕೇಳಿದ್ದು ಒಂದೇ ಪ್ರಶ್ನೆ: ಅವನು ಹೇಗೆ ಹೋದ? ಸ್ಟೇನ್ವೊರ್ ಹೇಳಿದ್ದು ಒಂದೇ ಮಾತು: ಶಾಂತವಾಗಿ ಹೋದ.

"ಶಾಂತವಾಗಿ!" ಫ್ರೀದಾ ಇದನ್ನು ಈಜುಕೊಳದ ಬಿಸಿನೀರಿನ ತೊಟ್ಟಿಯಲ್ಲಿ, ಮೀನಿನ ಕಾರ್ಖಾನೆಯ ಗೇಟಿನಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಎಲ್ಲರಿಗೂ ಹೇಳಿದ್ದಳು. "ನಮ್ಮ ಥೋರ್ಗಿಲ್ಸ್ ಒಂದು ದಿನವೂ ಶಾಂತವಾಗಿ ಚಪ್ಪಲಿ ಹಾಕ್ಕೊಂಡವನಲ್ಲ. ಅವಳು ಏನೋ ಮುಚ್ಚಿಡ್ತಿದ್ದಾಳೆ. ನನಗೆ ಬೇಕಾಗಿರೋದು ಅದೊಂದೇ. ಆ ಬೆಳಗ್ಗೆ ಏನಾಯ್ತು?"

ಊರಿನವರು ಸ್ಟೇನ್ವೊರ್‌ಗೆ ಹೇಳುತ್ತಿದ್ದದ್ದು ಬೇರೆ. ನೀನು ಸರಿಯಾಗೇ ಮಾಡಿದೆ, ಒಬ್ಬರಿಗೂ ಸೋಂಕು ತಗುಲಲಿಲ್ಲ, ಅಕ್ಕಪಕ್ಕದ ಊರು ನೋಡು. ಅದು ನಿಜವೂ ಹೌದು. ಆದರೂ ಅವಳು ಮರುವರ್ಷವೇ ಕೆಲಸ ಬಿಟ್ಟಳು. ಈ ವಸಂತದಲ್ಲಿ ಮನೆ ಮಾರಿ ದಕ್ಷಿಣಕ್ಕೆ, ಅಕ್ಕನ ಊರಿಗೆ ಹೋಗುವವಳಿದ್ದಳು. ಆ ಬೆಳಗ್ಗೆ ಕೋಣೆಯಲ್ಲಿದ್ದವಳು ಅವಳೊಬ್ಬಳೇ. ಅವಳು ಹೋದರೆ ಫ್ರೀದಾಳ ಪ್ರಶ್ನೆಗೆ ಉತ್ತರ ಕೊಡುವವರು ಊರಿನಲ್ಲಿ ಯಾರೂ ಉಳಿಯುತ್ತಿರಲಿಲ್ಲ.

ಊರಲ್ಲಿ ಇರುವುದು ಒಂದೇ ಓದುಕೂಟವಾದ್ದರಿಂದ ಇಬ್ಬರೂ ಹಟಕ್ಕೆ ಬರುತ್ತಿದ್ದರು. ಮಾತೆಲ್ಲ ಗುನ್‌ಸ್ಟೇನ್ ಮೂಲಕ.

"ಗುನ್‌ಸ್ಟೇನ್, ಸಕ್ಕರೆ ಡಬ್ಬಿ ಹಿಡ್ಕೊಂಡು ಕೂತವರಿಗೆ ಹೇಳು, ಬೇರೆಯವರೂ ಕಾಫಿ ಕುಡೀತಾರೆ ಅಂತ," ಅನ್ನುತ್ತಿದ್ದಳು ಫ್ರೀದಾ.

"ಗುನ್‌ಸ್ಟೇನ್, ಕೇಳಿದವರಿಗೆ ಕೊಡು. ಡಾಕ್ಟರು ಸಕ್ಕರೆ ಬೇಡ ಅಂದಿದ್ದು ಅವರಿಗೆ ಮರೆತಿರಬೇಕು."

ಗುನ್‌ಸ್ಟೇನ್ ಡಬ್ಬಿ ದಾಟಿಸುತ್ತಿದ್ದ. "ಮೂವತ್ತು ವರ್ಷ ಸಮುದ್ರದಲ್ಲಿದ್ದೆ. ಇಷ್ಟು ಚಳಿ ಅಲ್ಲೂ ಇರಲಿಲ್ಲ," ಎಂದು ನನ್ನ ಕಡೆ ನೋಡಿ ಹೇಳುತ್ತಿದ್ದ.

ಜನವರಿಯಲ್ಲಿ ಓದು ಶುರುವಾಯಿತು. ಸೂರ್ಯ ಬೆಟ್ಟದ ಹಿಂದೆಯೇ ಇದ್ದು ಹೋಗುವ ತಿಂಗಳು. ಮೊದಲ ವಾರಗಳು ಮಜವಾಗಿದ್ದವು. ಅಧ್ಯಾಯ ಮುಗಿದ ತಕ್ಷಣ ಲೇಖಕನನ್ನು ಹಿಡಿದು ಝಾಡಿಸುವುದೇ ಕೆಲಸ.

"ಎಲ್ಲರೂ ಹೆದರಿ ನಡುಗ್ತಿದ್ರಂತೆ," ಗುನ್‌ಸ್ಟೇನ್ ಅಂದ. "ಯಾರು ನಡುಗಿದ್ರು? ಕೊರೊನಾದಲ್ಲಿ ನಾವೇನು ನಡುಗಿದ್ವಾ? ಬೇಜಾರಾಗಿ ಸಾಯ್ತಿದ್ವಿ. ನಾನು ಫ್ರೀಜರ್ ಮೂರು ಸಲ ತೊಳೆದೆ."

"ಹದಿನೆಂಟರಲ್ಲಿ ಫ್ರೀಜರ್ ಎಲ್ಲಿತ್ತು?" ಫ್ರೀದಾ ಕೇಳಿದಳು.

"ಅದೇ ಹೇಳೋದು. ಕಕ್ಕಸಿನ ಕಾಗದಕ್ಕೆ ಕಿತ್ತಾಡೋ ಒಂದು ಅಧ್ಯಾಯನೂ ಇಲ್ಲ. ಇದೆಂಥ ಸಾಂಕ್ರಾಮಿಕದ ಕಥೆ?"

"ಈ ಲೇಖಕ ಮೊನ್ನೆಯ ಕಥೆಗೆ ಹಳೇ ಕೋಟು ಹಾಕಿದ್ದಾನೆ ಅಷ್ಟೆ," ಎಂದಳು ಫ್ರೀದಾ. "ಇಬ್ಬರ ನಡುವೆ ಎರಡು ಮೀಟರ್ ದೂರ ಇರಬೇಕು ಅಂತ ಹದಿನೆಂಟರಲ್ಲಿ ಯಾರಿಗೆ ಗೊತ್ತಿತ್ತು? ಟಿವಿ ನೋಡಿ ಬರೆದಿದ್ದಾನೆ."

ಸ್ಟೇನ್ವೊರ್ ನಗುತ್ತಿರಲಿಲ್ಲ, ಹೆಣೆಯುತ್ತಿದ್ದಳು. ಆದರೆ ಒಂದು ಗುರುವಾರ ಯಾರ ಮುಖವನ್ನೂ ನೋಡದೆ ಹೇಳಿದಳು: "ಕೈ ತೊಳೆದೂ ತೊಳೆದೂ ಚರ್ಮ ಬಿರಿದು ರಕ್ತ ಬಂದದ್ದನ್ನ ಬರೆದಿದ್ದಾನೆ. ಅದು ಸರಿಯಾಗಿದೆ." ಫ್ರೀದಾಳ ಕಡ್ಡಿಗಳು ಒಂದು ಕ್ಷಣ ನಿಂತು ಮತ್ತೆ ಓಡಿದವು.

ಫೆಬ್ರವರಿ ಮೊದಲ ವಾರದಲ್ಲಿ ನಾನು ಮನೆಯಲ್ಲಿ ಉಳಿದ ಭಾಗವನ್ನು ಓದಿದೆ. ಕೊನೆಯದಕ್ಕೆ ಹಿಂದಿನ ಅಧ್ಯಾಯ ಪ್ರೇಮಕಥೆಯೇ ಅಲ್ಲ. ಬೆಟ್ಟದ ಗುಡಿಸಿಲಲ್ಲಿ ಹಾವರ್ ಎಂಬ ಕಾವಲುಗಾರ. ದಕ್ಷಿಣದಿಂದ ಕುದುರೆ ಏರಿ ಆಸ್ತಾ ಎಂಬ ಹೆಂಗಸು ಬರುತ್ತಾಳೆ. ಈಚೆ ಬದಿಯ ಹಳ್ಳಿಯಲ್ಲಿ ಅವಳ ತಾಯಿ ಸಾಯುತ್ತಿದ್ದಾಳೆ. ಹಾವರ್ ಬಿಡುವುದಿಲ್ಲ. "ನಾಳೆ ಮೇಲಿನವರನ್ನು ಕೇಳೋಣ," ಅನ್ನುತ್ತಾನೆ. ಆ ರಾತ್ರಿಯೇ, ಸುದ್ದಿ ಮುಟ್ಟಿಸಲು ಹಳ್ಳಿಗೆ ಇಳಿದ ಹಾವರ್ ಎದುರಲ್ಲೇ ತಾಯಿ ಸಾಯುತ್ತಾಳೆ.

ಸರದಿ ಎಣಿಸಿ ನೋಡಿದೆ. ಆ ಅಧ್ಯಾಯ ಸ್ಟೇನ್ವೊರ್‌ಗೆ ಬರುತ್ತಿತ್ತು. ಕೊನೆಯದು, ಮೇಜಿನ ಆಚೆ ಬದಿಗೆ ಸರದಿ ತಿರುಗಿ, ಫ್ರೀದಾಳಿಗೆ.

ಮರುದಿನ ಗ್ರಂಥಾಲಯದಲ್ಲಿ ಕಾಫಿ ಬಗ್ಗಿಸುತ್ತ, ಪುಸ್ತಕ ಸ್ವಲ್ಪ ಉದ್ದವಾಯಿತು, ಹೊಸದೊಂದು ತಗೊಳ್ಳೋಣವಾ ಎಂದು ಫ್ರೀದಾ ಮತ್ತು ಗುನ್‌ಸ್ಟೇನ್ ಇಬ್ಬರನ್ನೂ ಕೇಳಿದೆ.

"ಯಾಕೆ, ಕೊಳೆತಿದೆಯಾ?" ಅಂದಳು ಫ್ರೀದಾ. "ಹಿಡಿದದ್ದು ಮುಗಿಸಬೇಕು. ನಾನು ಹದಿನಾರು ವರ್ಷದವಳಿದ್ದಾಗಿಂದ ಈ ಕೂಟಕ್ಕೆ ಬರ್ತಿದೀನಿ ಏದಿಸ್. ನೀನಾಗ ಹುಟ್ಟೂ ಇರಲಿಲ್ಲ."

ಸ್ಟೇನ್ವೊರ್ ಮನೆಗೆ ಹೋದೆ. ಅರ್ಧ ಸಾಮಾನು ಪೆಟ್ಟಿಗೆಗಳಲ್ಲಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: "ಗೊತ್ತು. ನಾನೂ ಓದಿ ಮುಗಿಸಿದೀನಿ."

"ಗುರುವಾರ ನಿನಗೆ ಶೀತ ಆಗಿದೆ ಅಂತ ಹೇಳ್ತೀನಿ. ಗಂಟಲು ಕಟ್ಟಿದೆ ಅಂತ."

"ಈಗಿನ ಕಾಲದಲ್ಲಿ ಶೀತ ಅಂದ್ರೆ ಎಲ್ಲರೂ ಓಡಿ ಹೋಗ್ತಾರೆ," ಎಂದು ಅವಳು ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು. "ಬೇಡ. ನನ್ನ ಸರದಿ, ನಾನೇ ಓದ್ತೀನಿ."

"ಸ್ಟೇನ್ವೊರ್, ಥೋರ್ಗಿಲ್ಸ್ ಹೋದ ಬೆಳಗ್ಗೆ ನಿಜವಾಗಿ ಏನಾಯ್ತು?"

"ಅದನ್ನ ನಿನಗೆ ಹೇಳಿ ಏನು ಮಾಡ್ಲಿ?"

"ಅವಳಿಗೆ ಹೇಳು ಹಾಗಾದ್ರೆ."

"ಅವಳನ್ನ ಹೊರಗೆ ನಿಲ್ಲಿಸಿ ಒಳಗೆ ಕೂತವಳು ನಾನು. ಒಳಗೆ ಹೀಗಿತ್ತು ನೋಡು, ನೀನಿರಲಿಲ್ಲ, ನಾನಿದ್ದೆ ಅಂತ ಹೋಗಿ ಹೇಳಲಾ? ಯಾವ ಬಾಯಲ್ಲಿ?" ಅವಳು ತಟ್ಟೆಗಳಿಗೆ ಕಾಗದ ಸುತ್ತುವುದನ್ನು ಮುಂದುವರಿಸಿದಳು. ನಾನು ಸ್ವಲ್ಪ ಹೊತ್ತು ತಟ್ಟೆ ಎತ್ತಿಕೊಟ್ಟು ಮನೆಗೆ ಬಂದೆ.

ಆ ಗುರುವಾರ ಗಾಳಿ ಜೋರಾಗಿತ್ತು. ಬಂದದ್ದು ನಾವು ನಾಲ್ಕೇ ಜನ. ಗುನ್‌ಸ್ಟೇನ್ ತಾನೇ ಕರಿದ ಕ್ಲೇನುರ್ ಎಂಬ ಸಿಹಿ ಹಿಟ್ಟಿನ ತಿಂಡಿ ತಂದಿದ್ದ, ಇನ್ನೂ ಬಿಸಿ ಇತ್ತು. ಸ್ಟೇನ್ವೊರ್ ಕನ್ನಡಕ ಹಾಕಿಕೊಂಡು ಪುಸ್ತಕ ತೆಗೆದಳು.

ಅವಳು ಚೆನ್ನಾಗಿ ಓದುತ್ತಾಳೆ ಅನ್ನಲಾರೆ. ನೋಟಿಸ್ ಓದಿದ ಹಾಗೆ ಓದುತ್ತಾಳೆ. ಅದೇ ಒಳ್ಳೆಯದಾಯಿತು. ಹಾವರ್ ಗುಡಿಸಿಲಿನಿಂದ ಹೊರಬಂದ, ಕುದುರೆಯ ಲಗಾಮು ಹಿಡಿದ, ದೂರ ನಿಂತೇ ಮಾತಾಡು ಅಂದ. ಆಸ್ತಾ ಬೇಡಿಕೊಂಡಳು. "ನಾಳೆ" ಎಂಬ ಮಾತು ಬಂದಾಗ ಸ್ಟೇನ್ವೊರ್ ತಡವರಿಸಲಿಲ್ಲ. ಧ್ವನಿ ಮಾತ್ರ ಸಣ್ಣದಾಯಿತು. ನಾನು ಫ್ರೀದಾಳ ಕೈಗಳನ್ನೇ ನೋಡುತ್ತಿದ್ದೆ. ಅವಳು ಸ್ವೆಟರಿನ ತೋಳು ಹೆಣೆಯುತ್ತಿದ್ದಳು. ನಿಲ್ಲಿಸಲಿಲ್ಲ. ಆದರೆ ತೋಳು ಮುಗಿಯಬೇಕಾದ ಜಾಗ ದಾಟಿ ಹೆಣೆಯುತ್ತಲೇ ಇದ್ದಳು, ಆ ತೋಳು ತೊಡಲು ಗೊರಿಲ್ಲಾನೇ ಬೇಕಾಗುವಷ್ಟು ಉದ್ದಕ್ಕೆ.

ಅಧ್ಯಾಯ ಮುಗಿಯಿತು. ಎಂದಿನಂತೆ ಲೇಖಕನನ್ನು ಬೈಯಲು ಯಾರೂ ಮುಂದಾಗಲಿಲ್ಲ. ಗುನ್‌ಸ್ಟೇನ್ ಬಾಯಲ್ಲಿದ್ದ ಕ್ಲೇನುರನ್ನು ಅಗಿಯದೆ ಇಟ್ಟುಕೊಂಡಿದ್ದ.

ಸ್ಟೇನ್ವೊರ್ ಪುಸ್ತಕವನ್ನು ಮುಂದಕ್ಕೆ ಚಾಚಿದಳು. ಫ್ರೀದಾ ಅದನ್ನು ತೆಗೆದುಕೊಂಡಳು.

ಕೊನೆಯ ಅಧ್ಯಾಯದಲ್ಲಿ ಮೂವತ್ತು ವರ್ಷ ಕಳೆದಿವೆ. ಹಾವರ್ ಮುದುಕ, ಒಂಟಿ. ವಸಂತದ ಒಂದು ದಿನ ಬಾಗಿಲು ಬಡಿದ ಸದ್ದು. ಆಸ್ತಾ ನಿಂತಿದ್ದಾಳೆ, ಕೂದಲು ಬೆಳ್ಳಗಾಗಿದೆ. ಫ್ರೀದಾ ಗಟ್ಟಿ ಧ್ವನಿಯಲ್ಲಿ ಓದಿದಳು: "ಆಸ್ತಾ ಅವನ ಒರಟು ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದು, ನೀನು ಅಂದು ನನ್ನನ್ನು ತಡೆದು ಸಾವಿರ ಜನರನ್ನು ಉಳಿಸಿದೆ, ನಿನಗೆ ಧನ್ಯವಾದ ಹೇಳಲು…"

ಅಲ್ಲಿಗೆ ನಿಂತಳು. ಪುಸ್ತಕ ಮುಚ್ಚಿದಳು.

"ಓದಲ್ಲ," ಅಂದಳು.

"ಇನ್ನು ಐದೇ ಪುಟ ಕಣೇ," ಗುನ್‌ಸ್ಟೇನ್ ಅಗಿದು ನುಂಗಿದ. "ನಿಯಮ ನಿನ್ನದೇ."

"ನಿಯಮ ಹಾಳಾಗಲಿ. ಸುಳ್ಳು ಇದು. ಬೆಟ್ಟ ಹತ್ತಿ ಹೋಗಿ ಥ್ಯಾಂಕ್ಸ್ ಹೇಳ್ತಾಳಂತೆ! ಯಾವಳು ಹೇಳ್ತಾಳೆ? ಈ ಲೇಖಕನ ತಾಯಿ ಹೇಳ್ತಾಳಾ?"

"ನನಗೂ ಅದು ಸುಳ್ಳು ಅನ್ನಿಸ್ತು," ಸ್ಟೇನ್ವೊರ್ ಅಂದಳು.

ಅವಳು ಹೇಳಿದ್ದು ಗುನ್‌ಸ್ಟೇನ್‌ಗಲ್ಲ. ಫ್ರೀದಾಳಿಗೇ. ಫ್ರೀದಾ ಅವಳತ್ತ ತಿರುಗಿದಳು. ನಾಲ್ಕು ವರ್ಷದಲ್ಲಿ ಮೊದಲ ಸಲ.

"ಹಾಗಾದ್ರೆ ಅವಳು ಯಾಕೆ ಹೋಗ್ತಿದ್ಲು? ಹೇಳು ನೋಡೋಣ, ಅಷ್ಟು ಗೊತ್ತಿದ್ರೆ."

"ಬೈಯೋಕೆ ಹೋಗ್ತಿದ್ಲು ಅಂದ್ಕೊಂಡೆ. ಬೈದಿದ್ರೆ ಅವನಿಗೂ ಸುಖ ಇತ್ತು."

"ಬೈಯೋಕಲ್ಲ." ಫ್ರೀದಾ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು. "ಕೇಳೋಕೆ. ನನ್ನಮ್ಮ ಸಾಯೋವಾಗ ಏನು ತಿಂದ್ಲು, ಏನಂದ್ಲು, ಯಾರಿದ್ರು ಅಂತ ಕೇಳೋಕೆ. ಬೇರೆ ಏನಿರುತ್ತೆ ಕೇಳೋಕೆ? ನೀನಿದ್ದೆಯಲ್ಲ ಸ್ಟೇನ್ವೊರ್. ಶಾಂತವಾಗಿ ಹೋದ ಅಂತ ಮಾತ್ರ ಹೇಳಬೇಡ. ಹೇಳಿದ್ರೆ ಈ ಕಡ್ಡಿ ಎಸೀತೀನಿ."

ಸ್ಟೇನ್ವೊರ್ ಕನ್ನಡಕ ತೆಗೆದಳು. ನಾನು ಎದ್ದು ಹೊರಗೆ ಹೋಗಲೇ ಎಂದು ಯೋಚಿಸಿದೆ. ಗುನ್‌ಸ್ಟೇನ್ ಕೂತಲ್ಲಿಂದ ಅಲುಗಲಿಲ್ಲ. ನಾನೂ ಕೂತೆ.

"ಬೈತಾ ಹೋದ," ಎಂದಳು ಸ್ಟೇನ್ವೊರ್.

"ಏನು?"

"ಬೆಳಗಿನ ಜಾವ ಎದ್ದ. ಬೆಳಕು ಆಗಷ್ಟೇ ಬರ್ತಿತ್ತು. ನಾನು ಆ ವಾರ ಅಲ್ಲೇ ಮಲಗ್ತಿದ್ದೆ, ಕೆಲಸಕ್ಕೆ ಜನ ಇರಲಿಲ್ಲ. ಕೂಗಾಡೋದು ಕೇಳಿ ಹೋದೆ. ಹಿಂದಿನ ರಾತ್ರಿಯ ಸೂಪ್ ಬಗ್ಗೆ ಬೈತಿದ್ದ. ಮೀನು ತೋರಿಸಿ ತೆಗೆದ ನೀರು ಅಂದ."

"ಆ ಸೂಪ್ ನನಗೂ ಗೊತ್ತು. ಸರಿಯಾಗೇ ಅಂದ," ಎಂದ ಗುನ್‌ಸ್ಟೇನ್.

"ನೀನು ಸುಮ್ನಿರು," ಎಂದಳು ಫ್ರೀದಾ. "ಆಮೇಲೆ?"

"ಮುಖ ಕೆಂಪಗಿತ್ತು, ಧ್ವನಿ ಗಟ್ಟಿಯಾಗಿತ್ತು. ಇಷ್ಟು ಬೈತಿದ್ದಾನೆ, ಹಾಗಾದ್ರೆ ಹುಷಾರಾಗಿದ್ದಾನೆ ಅಂದ್ಕೊಂಡೆ. ಆಗಲೇ ನಿನಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಹಿಂದಿನ ದಿನ ನಿನ್ನನ್ನ ತಡೆದದ್ದು ಒಂದು ತಪ್ಪು, ಇದು ಎರಡನೇದು. ಎರಡೂ ಸಲ ನಾನೇ ತಪ್ಪು ತಿಳ್ಕೊಂಡೆ."

ಗಾಳಿಗೆ ಕೆಳಗಿನ ಠಾಣೆಯ ತಗಡಿನ ಬಾಗಿಲು ಬಡಿದುಕೊಳ್ಳುತ್ತಿತ್ತು.

"ಬೈತಾ ಬೈತಾನೇ ಸಾಯ್ತಾನೆ ಅಂತ ನಾನು ನಲವತ್ತು ವರ್ಷದಿಂದ ಅವನಿಗೇ ಹೇಳ್ತಿದ್ದೆ," ಅಂದಳು ಫ್ರೀದಾ. "ನನ್ನನ್ನ ಕೇಳಿದ್ರೆ ಗೊತ್ತಾಗ್ತಿತ್ತು ನಿನಗೆ. ಅವನು ಗೊಣಗ್ತಿದ್ರೆ ಹುಷಾರಿದ್ದಾನೆ ಅಂತ. ಜೋರು ಮಾಡಿದ್ರೆ ಎದೆನೋವು."

"ಕೇಳಲಿಲ್ಲ."

"ಕೇಳಲಿಲ್ಲ. ನನ್ನ ಹೆಸರು ಎತ್ತಿದ್ನಾ?"

ಸ್ಟೇನ್ವೊರ್ ಕೈಯಲ್ಲಿದ್ದ ಕನ್ನಡಕವನ್ನು ಮೇಜಿನ ಮೇಲಿಟ್ಟಳು. ಇಷ್ಟು ಹೊತ್ತು ನೆಟ್ಟಗಿದ್ದ ಅವಳ ಧ್ವನಿ ಇಲ್ಲಿ ಕೆಟ್ಟಿತು.

"ನಾನೇ ನೀನು ಅಂದ್ಕೊಂಡ. ನನ್ನ ಮುಖಕ್ಕೆ ಮಾಸ್ಕು, ಮೇಲೆ ಪ್ಲಾಸ್ಟಿಕ್ ಗುರಾಣಿ, ಅವನಿಗೆ ಕಣ್ಣೂ ಸರಿಯಾಗಿ ಕಾಣ್ತಿರಲಿಲ್ಲ. 'ಫ್ರೀದಾ, ಆ ಕಿಟಕಿ ಮುಚ್ಚೇ, ಊರಿಗೆಲ್ಲ ಬಿಸಿ ಹಂಚ್ತಿದ್ದೀಯಾ?' ಅಂದ. ನಾನಲ್ಲ ಅಂತ ಹೇಳಬೇಕಿತ್ತು. 'ಮುಚ್ತೀನಿ ಕಣೋ' ಅಂದೆ. ನೀನಾಗಿ ಅಂದೆ. ಕೈ ಹಿಡಿದ, ಬಿಡಿಸ್ಕೊಳ್ಳಲಿಲ್ಲ. ನಿನ್ನನ್ನ ಹೊರಗೆ ನಿಲ್ಲಿಸಿ ನಿನ್ನ ಜಾಗದಲ್ಲಿ ಕೂತ್ಕೊಂಡೆ ಅಂತ ನಿನಗೆ ಹೇಗೆ ಹೇಳಲಿ? ಅದಕ್ಕೇ ಶಾಂತವಾಗಿ ಹೋದ ಅಂದೆ. ಎಲ್ಲರಿಗೂ ಹಾಗೇ ಹೇಳ್ತಿದ್ವಿ."

ಫ್ರೀದಾಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವಳು ಎದ್ದು ಹೋಗುತ್ತಾಳೆ, ಅಥವಾ ಕಡ್ಡಿ ಎಸೆಯುತ್ತಾಳೆ ಎಂದು ಕಾದೆ. ಬಂದದ್ದು ಪ್ರಶ್ನೆ.

"ಕಿಟಕಿ ಮುಚ್ಚಿದ್ಯಾ?"

"ಮುಚ್ಚಿದೆ."

"ಅಲ್ಲೇ ಅವನಿಗೆ ಗೊತ್ತಾಗಿರಬೇಕು ನಾನಲ್ಲ ಅಂತ," ಫ್ರೀದಾ ಅಂದಳು. "ನಾನು ಒಂದು ದಿನವೂ ಮುಚ್ಚಿದವಳಲ್ಲ. ಬೇಕಾದ್ರೆ ಎದ್ದು ಮುಚ್ಕೋ ಅಂತಿದ್ದೆ."

ಗುನ್‌ಸ್ಟೇನ್ ನಗು ತಡೆಯಲು ಕೆಮ್ಮಿದ. ಫ್ರೀದಾ ಕಣ್ಣೊರೆಸಿಕೊಂಡಳು, ಹೆಣೆಯುತ್ತಿದ್ದ ತೋಳಿನಿಂದಲೇ.

"ಕೊನೇ ಮಾತು ಅದೇನಾ? ಕಿಟಕಿ?"

"ಅಲ್ಲ. ಆಮೇಲೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿಸ್ಕೊಂಡ. ಬಿಸಿನೀರಿನ ಪಂಪು ಕೆಳಗಿನ ಮಹಡೀಲಿ ಓಡ್ತಿತ್ತು. 'ಆ ಪಂಪಿನ ಬೇರಿಂಗ್ ಹೋಗಿದೆ' ಅಂದ. 'ಯಾರಿಗಾದ್ರೂ ಹೇಳು' ಅಂದ. ಅಷ್ಟೇ. ತಲೆ ದಿಂಬಿಗೆ ಒರಗ್ತು."

"ಬೇರಿಂಗಾ?"

"ಬೇರಿಂಗು."

"ನಲವತ್ತು ವರ್ಷ ಸಂಸಾರ ಮಾಡಿ, ಕೊನೇ ಮಾತು ಬೇರಿಂಗು." ಫ್ರೀದಾ ನಗಲು ಶುರುಮಾಡಿದಳು. ಚಂದದ ನಗುವಲ್ಲ, ಮೂಗಿನಲ್ಲಿ ನೀರು ಬರುವ ನಗು. "ಹೌದು. ಅದು ಅವನೇ. ಈಗ ನಂಬ್ತೀನಿ."

"ಜೂನ್‌ನಲ್ಲಿ ಪಂಪು ಕೆಟ್ಟೇ ಹೋಯ್ತು," ಗುನ್‌ಸ್ಟೇನ್ ಮೆಲ್ಲಗೆ ಹೇಳಿದ. "ವಾರಗಟ್ಟಲೆ ತಣ್ಣೀರು."

"ಹೇಳಿದ್ಯಾ ಯಾರಿಗಾದ್ರೂ?" ಫ್ರೀದಾ ಸ್ಟೇನ್ವೊರ್‌ಳನ್ನು ಕೇಳಿದಳು.

"ಮರೆತೆ."

"ಮೂರನೇ ತಪ್ಪು."

ಇಬ್ಬರೂ ನಕ್ಕರು ಎಂದು ಬರೆಯಬಹುದಿತ್ತು. ಸ್ಟೇನ್ವೊರ್ ನಗಲಿಲ್ಲ. ಅಳುತ್ತಿದ್ದಳು, ಬಾಯಿ ಮುಚ್ಚಿಕೊಂಡು. ಫ್ರೀದಾ ಅವಳನ್ನು ತಬ್ಬಿಕೊಳ್ಳಲೂ ಇಲ್ಲ. ಕ್ಲೇನುರ್ ತಟ್ಟೆಯನ್ನು ಅವಳ ಕಡೆಗೆ ತಳ್ಳಿದಳು. ಗುನ್‌ಸ್ಟೇನ್ ಮೂಲಕ ಅಲ್ಲ, ತಾನೇ.

"ಕೇಳು. ನಿನ್ನನ್ನ ನಾನು ಕ್ಷಮಿಸಿಲ್ಲ," ಅಂದಳು.

"ಗೊತ್ತು."

"ಮುಂದೆ ನೋಡೋಣ, ಹೇಳೋಕಾಗಲ್ಲ. ಭಾನುವಾರ ಮನೆಗೆ ಬಾ. ಮಗಳು ಬಂದಿರ್ತಾಳೆ. ಅಪ್ಪ ಹೇಗೆ ಹೋದ ಅಂತ ಅವಳಿಗೂ ಯಾರೂ ಹೇಳಿಲ್ಲ. ಸೂಪಿಂದ ಶುರುಮಾಡಿ ಎಲ್ಲಾ ಹೇಳು. ಒಂದೂ ಬಿಡಬೇಡ."

"ಬರ್ತೀನಿ."

"ಮೊದಲು ಊಟ. ಹೊಗೆ ಹಾಕಿದ ಕುರಿಮಾಂಸ ಇದೆ."

ಉಳಿದ ಐದು ಪುಟ ಯಾರೂ ಓದಲಿಲ್ಲ. ಕೂಟದಲ್ಲಿ ಒಂದು ಪುಸ್ತಕ ಮುಗಿಯದೆ ಉಳಿದದ್ದು ನನಗೆ ತಿಳಿದಂತೆ ಇದೇ ಮೊದಲು. ಗುನ್‌ಸ್ಟೇನ್ ಮನೆಯಲ್ಲಿ ಓದಿ ಬಂದು, ಲೇಖಕ ಹಾವರ್‌ಗೂ ಆಸ್ತಾಗೂ ಮದುವೆ ಮಾಡಿಸಿದ್ದಾನೆ, ಎಪ್ಪತ್ತನೇ ವಯಸ್ಸಲ್ಲಿ, ಎಂದು ವರದಿ ಕೊಟ್ಟ.

ಭಾನುವಾರ ಸಂಜೆ ನಾನು ಮನೆ ಮುಂದಿನ ಹಿಮ ಬಗೆಯುತ್ತಿದ್ದಾಗ ಪಕ್ಕದ ಫ್ರೀದಾಳ ಮನೆಯ ಬಾಗಿಲು ತೆರೆಯಿತು. ಸ್ಟೇನ್ವೊರ್ ಮಧ್ಯಾಹ್ನ ಒಳಗೆ ಹೋದವಳು ಹೊರಗೆ ಬಂದಳು, ಕೈಯಲ್ಲಿ ಮಾಂಸದ ಡಬ್ಬಿ, ಕಣ್ಣು ಊದಿತ್ತು. ಬೇಲಿಯವರೆಗೆ ಬಂದಾಗ ಹಿಂದಿನಿಂದ ಫ್ರೀದಾ ಕೂಗಿದಳು.

"ಸ್ಟೇನ್ವೊರ್! ಮನೆ ಮಾರೋದು ಯಾವಾಗ?"

"ಏಪ್ರಿಲ್‌ನಲ್ಲಿ."

"ಸ್ವಲ್ಪ ತಡಿ ಮಾರಾಯ್ತಿ. ಅವನು ಒಳಗಿದ್ದ ಅಷ್ಟೂ ವಾರ ಬಾಕಿ ಇದೆ ಹೇಳೋದು. ಇವತ್ತು ಬರೀ ಒಂದು ಬೆಳಗ್ಗೆ ಆಯ್ತು."

ಸ್ಟೇನ್ವೊರ್ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು.

"ಮಾರ್ಚ್ ಹೊತ್ತಿಗೆ ಅವನು ಸ್ನಾನ ಮಾಡಲ್ಲ ಅಂತ ಮುಷ್ಕರ ಹೂಡಿದ್ದ. ಅದು ಗೊತ್ತಾ ನಿನಗೆ?"

"ಇಲ್ಲ!" ಫ್ರೀದಾ ಬಾಗಿಲನ್ನು ಪೂರ್ತಿ ತೆರೆದಳು. "ಬಾ ಒಳಗೆ."